ಓಇಟಿ ಪರೀಕ್ಷೆಯ ಬುಕಿಂಗ್ ಮತ್ತು ದಿನಾಂಕ ನಿಗದಿ

ಆಕ್ಯುಪೇಷನಲ್ ಇಂಗ್ಲಿಷ್ ಟೆಸ್ಟ್, ಸಂಕ್ಷಿಪ್ತವಾಗಿ ಓಇಟಿ, ಆರೋಗ್ಯ ಕ್ಷೇತ್ರದ ವೃತ್ತಿಪರರಿಗೆಂದೇ ರೂಪಿಸಲಾದ ಇಂಗ್ಲಿಷ್ ಭಾಷಾ ಪರೀಕ್ಷೆಯಾಗಿದೆ. ಬ್ರಿಟನ್, ಐರ್ಲೆಂಡ್, ಆಸ್ಟ್ರೇಲಿಯ, ನ್ಯೂಜಿಲೆಂಡ್ ಮೊದಲಾದ ದೇಶಗಳಲ್ಲಿ ವೈದ್ಯರಾಗಿ, ನರ್ಸ್‌ಗಳಾಗಿ ಅಥವಾ ಸಂಬಂಧಿತ ವೃತ್ತಿಗಳಲ್ಲಿ ಸೇವೆ ಸಲ್ಲಿಸಬಯಸುವ ಹೊರದೇಶದ ಪದವೀಧರರು ತಮ್ಮ ಭಾಷಾ ಸಾಮರ್ಥ್ಯವನ್ನು ಸಾಬೀತುಪಡಿಸಲು ಇದನ್ನು ಬರೆಯುತ್ತಾರೆ. ಫಲಿತಾಂಶವನ್ನು ನಿಯಂತ್ರಣ ಸಂಸ್ಥೆಗಳು ಸಾಮಾನ್ಯವಾಗಿ ಎರಡು ವರ್ಷಗಳವರೆಗೆ ಮಾತ್ರ ಮಾನ್ಯ ಮಾಡುತ್ತವೆ. ಆದ್ದರಿಂದ ಪರೀಕ್ಷೆಯನ್ನು ಯಾವಾಗ ಬರೆಯಬೇಕು, ಯಾವ ವಿಧಾನದಲ್ಲಿ ಬರೆಯಬೇಕು, ಯಾವ ಹೆಸರಿನಲ್ಲಿ ಬುಕ್ ಮಾಡಬೇಕು ಎಂಬ ಪ್ರಶ್ನೆಗಳು ಪರೀಕ್ಷೆಯ ಸಿದ್ಧತೆಯಷ್ಟೇ ಮಹತ್ವ ಪಡೆಯುತ್ತವೆ. ಚೆನ್ನಾಗಿ ಬರೆದು ಉತ್ತೀರ್ಣರಾದವರೂ ದಿನಾಂಕದ ಲೆಕ್ಕ ತಪ್ಪಿದರೆ ಪೂರ್ಣ ಶುಲ್ಕ ತೆತ್ತು ಮತ್ತೊಮ್ಮೆ ಬರೆಯಬೇಕಾಗಬಹುದು.

ಹಿನ್ನೆಲೆ

ಈ ಪರೀಕ್ಷೆಯು 1980ರ ದಶಕದ ಕೊನೆಯಲ್ಲಿ ಆಸ್ಟ್ರೇಲಿಯದಲ್ಲಿ ರೂಪುಗೊಂಡಿತು. ವಲಸೆ ಬಂದ ಆರೋಗ್ಯ ವೃತ್ತಿಪರರ ಭಾಷೆಯನ್ನು ಅಳೆಯಲು ಅಲ್ಲಿನ ಸರ್ಕಾರಕ್ಕೆ ಒಂದು ವಿಶ್ವಾಸಾರ್ಹ ವಿಧಾನ ಬೇಕಾಗಿತ್ತು. ಮೆಲ್ಬರ್ನ್ ವಿಶ್ವವಿದ್ಯಾಲಯದ ಭಾಷಾವಿಜ್ಞಾನಿ ಟಿಮ್ ಮೆಕ್‌ನಮಾರಾ ಅವರು ಇದರ ರಚನೆಯಲ್ಲಿ ಪ್ರಮುಖ ಪಾತ್ರ ವಹಿಸಿದರು. ಸಾಮಾನ್ಯ ಇಂಗ್ಲಿಷ್ ಪರೀಕ್ಷೆಗಳಲ್ಲಿ ಪ್ರಬಂಧ ಬರೆಯಲು ಬರುವುದೇ ಎಂದು ನೋಡಲಾಗುತ್ತದೆ. ಇಲ್ಲಿ ರೋಗಿಯೊಬ್ಬರ ಟಿಪ್ಪಣಿಗಳನ್ನು ಓದಿ ಮತ್ತೊಬ್ಬ ವೈದ್ಯರಿಗೆ ಪತ್ರ ಬರೆಯಲು ಬರುವುದೇ ಎಂದು ನೋಡಲಾಗುತ್ತದೆ. ಕೇಂಬ್ರಿಜ್ ಇಂಗ್ಲಿಷ್ ಮತ್ತು ಮೆಲ್ಬರ್ನ್‌ನ ಬಾಕ್ಸ್ ಹಿಲ್ ಇನ್‌ಸ್ಟಿಟ್ಯೂಟ್ ಜೊತೆಗೂಡಿ ಸ್ಥಾಪಿಸಿದ ಕೇಂಬ್ರಿಜ್ ಬಾಕ್ಸ್‌ಹಿಲ್ ಲ್ಯಾಂಗ್ವೇಜ್ ಅಸೆಸ್‌ಮೆಂಟ್ ಎಂಬ ಸಂಸ್ಥೆಯ ಒಡೆತನಕ್ಕೆ ಪರೀಕ್ಷೆಯು 2013ರಲ್ಲಿ ಬಂದಿತು.

ಭಾರತೀಯ ಅಭ್ಯರ್ಥಿಗಳ ದೃಷ್ಟಿಯಿಂದ 2017 ಒಂದು ತಿರುವು. ಅಲ್ಲಿಯವರೆಗೆ ಬ್ರಿಟನ್ನಿನ ನರ್ಸಿಂಗ್ ಅಂಡ್ ಮಿಡ್‌ವೈಫರಿ ಕೌನ್ಸಿಲ್ (ಎನ್‌ಎಂಸಿ) ಹೊರದೇಶದ ನರ್ಸ್‌ಗಳಿಂದ ಐಇಎಲ್‌ಟಿಎಸ್ ಪರೀಕ್ಷೆಯನ್ನು ಕೇಳುತ್ತಿತ್ತು. ಅನುಭವಿ ನರ್ಸ್‌ಗಳೂ ಅದರ ಬರವಣಿಗೆಯ ವಿಭಾಗದಲ್ಲಿ ಅಲ್ಪ ಅಂತರದಿಂದ ಹಿಂದೆ ಬೀಳುತ್ತಿದ್ದಾರೆಂಬ ದೂರುಗಳ ನಂತರ, ಆ ವರ್ಷದ ನವೆಂಬರ್‌ನಿಂದ ಎನ್‌ಎಂಸಿ ಓಇಟಿಯನ್ನೂ ಒಪ್ಪಿಕೊಂಡಿತು. ವೈದ್ಯರನ್ನು ನೋಂದಾಯಿಸುವ ಜನರಲ್ ಮೆಡಿಕಲ್ ಕೌನ್ಸಿಲ್ (ಜಿಎಂಸಿ) 2018ರಲ್ಲಿ ಅದೇ ದಾರಿ ಹಿಡಿಯಿತು. ಅಮೆರಿಕದಲ್ಲಿ ವಿದೇಶೀ ವೈದ್ಯಕೀಯ ಪದವೀಧರರಿಗೆ ಪ್ರಮಾಣಪತ್ರ ನೀಡುವ ಇಸಿಎಫ್‌ಎಂಜಿ, ರೋಗಿಗಳೊಡನೆ ನೇರ ಸಂವಾದವನ್ನು ಅಳೆಯುತ್ತಿದ್ದ ಸ್ಟೆಪ್ 2 ಸಿಎಸ್ ಪರೀಕ್ಷೆ ಕೋವಿಡ್ ಕಾಲದಲ್ಲಿ ನಿಂತಾಗ, 2020ರಲ್ಲಿ ತನ್ನ ಪಾಥ್‌ವೇಸ್ ವ್ಯವಸ್ಥೆಯೊಳಗೆ ಓಇಟಿಯ ವೈದ್ಯಕೀಯ ಆವೃತ್ತಿಯನ್ನು ಕಡ್ಡಾಯಗೊಳಿಸಿತು. ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವರಿಗೂ, ಇಂಗ್ಲಿಷ್ ಮಾತೃಭಾಷೆಯಾಗಿರುವವರಿಗೂ ಇದರಿಂದ ವಿನಾಯಿತಿ ಇಲ್ಲ.

ಪರೀಕ್ಷೆಯ ಸ್ವರೂಪ

ಆಲಿಸುವಿಕೆ, ಓದು, ಬರವಣಿಗೆ ಮತ್ತು ಮಾತು ಎಂಬ ನಾಲ್ಕು ವಿಭಾಗಗಳಿವೆ. ಆಲಿಸುವಿಕೆಗೆ ಸುಮಾರು 40 ನಿಮಿಷ, ಓದಿಗೆ 60 ನಿಮಿಷ, ಬರವಣಿಗೆಗೆ 45 ನಿಮಿಷ, ಮಾತಿಗೆ ಸುಮಾರು 20 ನಿಮಿಷ ಮೀಸಲು. ಮೊದಲೆರಡು ವಿಭಾಗಗಳು ಎಲ್ಲ ವೃತ್ತಿಯವರಿಗೂ ಸಮಾನವಾಗಿದ್ದು, ಪ್ರತಿಯೊಂದರಲ್ಲಿ 42 ಪ್ರಶ್ನೆಗಳಿರುತ್ತವೆ. ಬರವಣಿಗೆ ಮತ್ತು ಮಾತು ಮಾತ್ರ ಆಯಾ ವೃತ್ತಿಗೆ ತಕ್ಕಂತೆ ಬೇರೆ ಬೇರೆ. ನರ್ಸ್ ಆಗಿ ಬುಕ್ ಮಾಡಿದವರಿಗೆ, ಉದಾಹರಣೆಗೆ, ಮನೆಗೆ ಮರಳುತ್ತಿರುವ ರೋಗಿಯ ಮುಂದಿನ ಆರೈಕೆಯ ಬಗ್ಗೆ ಪತ್ರ ಬರೆಯುವ ಕೆಲಸ ಬರಬಹುದು; ಮಾತಿನ ವಿಭಾಗದಲ್ಲಿ ಅವರು ರೋಗಿಯ ಅಥವಾ ರೋಗಿಯ ಮನೆಯವರ ಪಾತ್ರ ವಹಿಸುವ ವ್ಯಕ್ತಿಯೊಡನೆ ಎರಡು ಸಂಭಾಷಣೆಗಳನ್ನು ನಡೆಸಬೇಕು. ಅಭ್ಯರ್ಥಿಯ ವೈದ್ಯಕೀಯ ಜ್ಞಾನವನ್ನು ಇಲ್ಲಿ ಅಳೆಯುವುದಿಲ್ಲ. ಗಾಬರಿಗೊಂಡ ತಾಯಿಯೊಬ್ಬಳಿಗೆ ಮಗುವಿನ ಸ್ಥಿತಿಯನ್ನು ಆಕೆಗೆ ಅರ್ಥವಾಗುವ ಮಾತಿನಲ್ಲಿ ಹೇಳಲು ಬರುವುದೇ ಎಂಬುದೇ ಮುಖ್ಯ.

ವೈದ್ಯಕೀಯ, ನರ್ಸಿಂಗ್, ದಂತವೈದ್ಯಕೀಯ, ಔಷಧಶಾಸ್ತ್ರ, ಫಿಸಿಯೋಥೆರಪಿ, ರೇಡಿಯೋಗ್ರಫಿ, ಆಹಾರಶಾಸ್ತ್ರ, ಆಪ್ಟೊಮೆಟ್ರಿ, ಪಾದಚಿಕಿತ್ಸೆ, ವಾಕ್‌ಚಿಕಿತ್ಸೆ, ಆಕ್ಯುಪೇಷನಲ್ ಥೆರಪಿ ಮತ್ತು ಪಶುವೈದ್ಯಕೀಯ ಎಂಬ ಹನ್ನೆರಡು ವೃತ್ತಿಗಳಿಗೆ ಪರೀಕ್ಷೆ ರೂಪುಗೊಂಡಿದೆ. ಬುಕಿಂಗ್ ವೇಳೆ ಇವುಗಳಲ್ಲಿ ಒಂದನ್ನು ಆರಿಸಬೇಕು. ಜಿಎಂಸಿಗೆ ಅರ್ಜಿ ಹಾಕುವವರಿಗೆ ವೈದ್ಯಕೀಯ ಆವೃತ್ತಿಯ ಫಲಿತಾಂಶವೇ ಬೇಕು. ಬೇರೆ ವೃತ್ತಿಯ ಆವೃತ್ತಿಯಲ್ಲಿ ಎಷ್ಟೇ ಉತ್ತಮ ಶ್ರೇಣಿ ಬಂದರೂ ಅದು ಉಪಯೋಗಕ್ಕೆ ಬಾರದು.

ಶ್ರೇಣಿಗಳು ಮತ್ತು ಸಂಸ್ಥೆಗಳ ಬೇಡಿಕೆ

2018ರ ಸೆಪ್ಟೆಂಬರ್‌ನಿಂದ ಪ್ರತಿ ವಿಭಾಗಕ್ಕೂ 0ಯಿಂದ 500ರವರೆಗೆ, ಹತ್ತು ಹತ್ತರ ಅಂತರದಲ್ಲಿ, ಅಂಕಗಳನ್ನು ನೀಡಲಾಗುತ್ತಿದೆ. 450 ಮತ್ತು ಅದಕ್ಕಿಂತ ಹೆಚ್ಚು ಬಂದರೆ ಎ ಶ್ರೇಣಿ, 350ರಿಂದ 440ರವರೆಗೆ ಬಿ, 300ರಿಂದ 340ರವರೆಗೆ ಸಿ ಪ್ಲಸ್, 200ರಿಂದ 290ರವರೆಗೆ ಸಿ; ಅದರ ಕೆಳಗೆ ಡಿ ಮತ್ತು ಇ ಶ್ರೇಣಿಗಳಿವೆ. ನಾಲ್ಕು ವಿಭಾಗಗಳ ಅಂಕಗಳನ್ನು ಕೂಡಿಸಿ ಒಟ್ಟು ಫಲಿತಾಂಶ ನೀಡುವ ಪದ್ಧತಿ ಇಲ್ಲ. ಓಇಟಿ ಸಂಸ್ಥೆಯೂ ಯಾರನ್ನೂ ಉತ್ತೀರ್ಣ ಅಥವಾ ಅನುತ್ತೀರ್ಣ ಎಂದು ಘೋಷಿಸುವುದಿಲ್ಲ. ಎಷ್ಟು ಅಂಕ ಸಾಕು ಎಂಬುದನ್ನು ನಿರ್ಧರಿಸುವುದು ಅರ್ಜಿ ಸ್ವೀಕರಿಸುವ ನಿಯಂತ್ರಣ ಸಂಸ್ಥೆ.

ಈ ಬೇಡಿಕೆಗಳು ಒಂದೇ ತೆರನಾಗಿಲ್ಲ. ಜಿಎಂಸಿಯು ನಾಲ್ಕೂ ವಿಭಾಗಗಳಲ್ಲಿ ಬಿ ಶ್ರೇಣಿಯನ್ನು, ಅದೂ ಒಂದೇ ಬಾರಿ ಬರೆದ ಪರೀಕ್ಷೆಯಲ್ಲಿ, ಕೇಳುತ್ತದೆ. ಮೂರರಲ್ಲಿ 400 ಅಂಕ ಪಡೆದು ಒಂದರಲ್ಲಿ 340 ಪಡೆದ ವೈದ್ಯರು ನಾಲ್ಕನ್ನೂ ಮತ್ತೆ ಬರೆಯಬೇಕಾಗುತ್ತದೆ. ಎನ್‌ಎಂಸಿಯು ಆಲಿಸುವಿಕೆ, ಓದು, ಮಾತುಗಳಲ್ಲಿ ಬಿ ಶ್ರೇಣಿಯನ್ನೂ ಬರವಣಿಗೆಯಲ್ಲಿ ಸಿ ಪ್ಲಸ್ ಶ್ರೇಣಿಯನ್ನೂ ಸಾಕೆಂದು ಪರಿಗಣಿಸುತ್ತದೆ. ಒಮ್ಮೆಗೆ ಬೇಕಾದ ಶ್ರೇಣಿ ಬಾರದಿದ್ದಲ್ಲಿ ಎರಡು ಪರೀಕ್ಷೆಗಳ ಫಲಿತಾಂಶಗಳನ್ನು ಜೋಡಿಸಿ ಸಲ್ಲಿಸಲು ಅದು ಅವಕಾಶ ನೀಡುತ್ತದೆ. ಈ ಜೋಡಣೆಗೆ ಮೊದಲು ಆರು ತಿಂಗಳ ಅವಧಿ ಇದ್ದು, 2023ರಲ್ಲಿ ಅದನ್ನು ಹನ್ನೆರಡು ತಿಂಗಳಿಗೆ ವಿಸ್ತರಿಸಲಾಯಿತು. ಎರಡೂ ಬಾರಿ ಅಂಕಗಳು ಒಂದು ಕನಿಷ್ಠ ಮಟ್ಟಕ್ಕಿಂತ ಕೆಳಗಿಳಿಯಬಾರದು ಎಂಬ ಷರತ್ತೂ ಇದೆ. ಹಾಗಾಗಿ ಮರುಪರೀಕ್ಷೆಯ ದಿನಾಂಕವನ್ನು ಆರಿಸುವಾಗ ಒಬ್ಬ ನರ್ಸ್‌ಗೂ ಒಬ್ಬ ವೈದ್ಯರಿಗೂ ಲೆಕ್ಕವೇ ಬೇರೆಯಾಗುತ್ತದೆ.

ಕರ್ನಾಟಕದ ನರ್ಸಿಂಗ್ ಕಾಲೇಜುಗಳಲ್ಲಿ ಬೋಧನೆ ಇಂಗ್ಲಿಷಿನಲ್ಲಿಯೇ ನಡೆಯುವುದರಿಂದ, ಕಾಲೇಜಿನಿಂದ ಮಾಧ್ಯಮ ಪ್ರಮಾಣಪತ್ರ ತಂದರೆ ಪರೀಕ್ಷೆ ಬೇಡವಾಗಬಹುದೆಂಬ ನಂಬಿಕೆ ವಿದ್ಯಾರ್ಥಿಗಳಲ್ಲಿದೆ. ಎನ್‌ಎಂಸಿಯ ಮಟ್ಟಿಗೆ ಇದು ಸರಿಯಲ್ಲ. ಇಂಗ್ಲಿಷ್ ಬಹುಸಂಖ್ಯಾತರ ಭಾಷೆಯಲ್ಲದ ದೇಶದಲ್ಲಿ ಓದಿದವರ ವಿಷಯದಲ್ಲಿ ಆ ಪ್ರಮಾಣಪತ್ರವೊಂದೇ ಸಾಲದು. ಬ್ರಿಟನ್ನಿನಲ್ಲಿ ಆರೋಗ್ಯ ಸೇವೆಯ ಬೇರೆ ಹುದ್ದೆಯಲ್ಲಿ ಕನಿಷ್ಠ ಒಂದು ವರ್ಷ ದುಡಿದು, ಅಲ್ಲಿನ ಉದ್ಯೋಗದಾತರಿಂದ ಭಾಷಾ ಸಾಮರ್ಥ್ಯದ ದೃಢೀಕರಣ ಪಡೆದವರಿಗೆ ಮಾತ್ರ ಅದು ಪೂರಕವಾಗಬಲ್ಲದು. ಬೆಂಗಳೂರಿನಿಂದಲೋ ಮಂಗಳೂರಿನಿಂದಲೋ ನೇರವಾಗಿ ಅರ್ಜಿ ಹಾಕುವವರಿಗೆ ಭಾಷಾ ಪರೀಕ್ಷೆ ಅನಿವಾರ್ಯ.

ದಿನಾಂಕದ ಲೆಕ್ಕ

ಪರೀಕ್ಷೆಯ ದಿನಾಂಕವನ್ನು ಅನೇಕರು ತರಬೇತಿ ಮುಗಿಯುವ ದಿನದಿಂದ ಮುಂದಕ್ಕೆ ಎಣಿಸುತ್ತಾರೆ. ಆದರೆ ಫಲಿತಾಂಶ ಯಾವ ದಿನಕ್ಕೆ ಬೇಕೋ ಆ ದಿನದಿಂದ ಹಿಂದಕ್ಕೆ ಎಣಿಸುವುದು ಹೆಚ್ಚು ಸುರಕ್ಷಿತ. ಫಲಿತಾಂಶ ಪ್ರಕಟವಾಗಲು ಪರೀಕ್ಷೆಯ ವಿಧಾನವನ್ನು ಅವಲಂಬಿಸಿ ಎರಡರಿಂದ ಮೂರು ವಾರ ಹಿಡಿಯಬಹುದು. ಒಂದು ವಿಭಾಗದಲ್ಲಿ ಅಂಕ ಕಡಿಮೆ ಬಂದರೆ ಮತ್ತೆ ಬುಕ್ ಮಾಡಿ, ಸಿದ್ಧರಾಗಿ, ಎರಡನೆಯ ಫಲಿತಾಂಶಕ್ಕೆ ಕಾಯಲು ಇನ್ನೂ ಎರಡು ತಿಂಗಳಾದರೂ ಬೇಕು. ಅಂದರೆ ಜುಲೈ ಕೊನೆಗೆ ಫಲಿತಾಂಶ ಸಲ್ಲಿಸಬೇಕಾದವರು ಏಪ್ರಿಲ್‌ನಲ್ಲೇ ಮೊದಲ ಬಾರಿ ಬರೆದರೆ ಎರಡನೆಯ ಅವಕಾಶ ಕೈಯಲ್ಲಿರುತ್ತದೆ. ಜುಲೈ ಮೊದಲ ವಾರಕ್ಕೆ ಬುಕ್ ಮಾಡಿದವರಿಗೆ ಅದು ಇರುವುದಿಲ್ಲ.

ಇದಕ್ಕೆ ವಿರುದ್ಧವಾದ ತಪ್ಪು ಹೆಚ್ಚು ದುಬಾರಿ: ತೀರಾ ಮುಂಚೆ ಬರೆಯುವುದು. ಬಿಎಸ್‌ಸಿ ನರ್ಸಿಂಗ್‌ನ ಅಂತಿಮ ವರ್ಷದಲ್ಲಿರುವ ವಿದ್ಯಾರ್ಥಿನಿಯೊಬ್ಬಳು 2023ರ ಜೂನ್‌ನಲ್ಲಿ ಪರೀಕ್ಷೆ ಬರೆದು ಬೇಕಾದ ಶ್ರೇಣಿಗಳನ್ನು ಪಡೆದಳೆಂದು ಭಾವಿಸೋಣ. ಆ ಫಲಿತಾಂಶ 2025ರ ಜೂನ್‌ವರೆಗೆ ಮಾತ್ರ ಚಾಲ್ತಿಯಲ್ಲಿರುತ್ತದೆ. ಪದವಿ ಮುಗಿಯಬೇಕು, ರಾಜ್ಯದ ನರ್ಸಿಂಗ್ ಪರಿಷತ್ತಿನಲ್ಲಿ ನೋಂದಣಿಯಾಗಬೇಕು, ವಿದೇಶೀ ನೇಮಕಾತಿಯಲ್ಲಿ ಅನೇಕ ಆಸ್ಪತ್ರೆಗಳು ಬಯಸುವ ಒಂದೆರಡು ವರ್ಷದ ಅನುಭವವಾಗಬೇಕು, ನಂತರ ಕಾಲೇಜು ಮತ್ತು ಪರಿಷತ್ತಿನಿಂದ ದಾಖಲೆಗಳ ದೃಢೀಕರಣ ತಲುಪಬೇಕು. ಇಷ್ಟೆಲ್ಲ ಆಗುವ ಹೊತ್ತಿಗೆ ಎರಡು ವರ್ಷ ಕಳೆದಿರುತ್ತದೆ. ಓದಿನ ಬಿಸಿ ಇರುವಾಗಲೇ ಬರೆದುಬಿಡಿ ಎಂಬ ಸಲಹೆ ಕೇಳಲು ಹಿತವಾಗಿದ್ದರೂ, ಅನುಭವದ ಅವಧಿಯ ಕೊನೆಯ ಭಾಗದಲ್ಲಿ ಬರೆಯುವುದೇ ಹೆಚ್ಚಿನವರಿಗೆ ಲಾಭಕರ.

ವೈದ್ಯರಿಗೆ ಬೇರೊಂದು ಸರಪಳಿ ಇದೆ. ಜಿಎಂಸಿಯ ಪ್ಲ್ಯಾಬ್ ಪರೀಕ್ಷೆಯ ಮೊದಲ ಭಾಗವನ್ನು ಬುಕ್ ಮಾಡುವ ಮೊದಲೇ ಇಂಗ್ಲಿಷ್ ಸಾಮರ್ಥ್ಯವನ್ನು ತೋರಿಸಬೇಕು. ಆದ್ದರಿಂದ ಓಇಟಿಯನ್ನು ಮುಂದೂಡುವಂತಿಲ್ಲ. ಆದರೆ ಪ್ಲ್ಯಾಬ್‌ನ ಎರಡನೆಯ ಭಾಗ ಬ್ರಿಟನ್ನಿನ ಮ್ಯಾಂಚೆಸ್ಟರ್‌ನಲ್ಲಿ ನಡೆಯುತ್ತಿದ್ದು, ಅದಕ್ಕೆ ಸ್ಥಳ ಸಿಗುವುದು ಮತ್ತು ವೀಸಾ ದೊರೆಯುವುದು ತಡವಾದರೆ ಅಂತಿಮ ನೋಂದಣಿಯ ವೇಳೆಗೆ ಭಾಷಾ ಫಲಿತಾಂಶ ಹಳೆಯದಾಗುವ ಸಾಧ್ಯತೆ ಇರುತ್ತದೆ. ಅಮೆರಿಕದ ರೆಸಿಡೆನ್ಸಿಗೆ ಪ್ರಯತ್ನಿಸುವವರು ಇಸಿಎಫ್‌ಎಂಜಿಯು ಆಯಾ ವರ್ಷ ಪ್ರಕಟಿಸುವ ಗಡುವನ್ನು ನೋಡಿಕೊಂಡೇ ದಿನಾಂಕ ಆರಿಸಬೇಕಾಗುತ್ತದೆ. ಅಲ್ಲಿ ಮ್ಯಾಚ್ ಪ್ರಕ್ರಿಯೆ ವರ್ಷಕ್ಕೊಮ್ಮೆ ನಡೆಯುವುದರಿಂದ ಒಂದು ವಾರದ ವಿಳಂಬವೂ ಒಂದು ವರ್ಷದ ವಿಳಂಬವಾಗಬಲ್ಲದು.

ಪರೀಕ್ಷೆಯ ವಿಧಾನಗಳು

ಕಾಗದದ ಮೇಲೆ ಕೇಂದ್ರದಲ್ಲಿ ಬರೆಯುವುದು, ಕಂಪ್ಯೂಟರ್ ಮೇಲೆ ಕೇಂದ್ರದಲ್ಲಿ ಬರೆಯುವುದು ಮತ್ತು ಮನೆಯಿಂದಲೇ ಕಂಪ್ಯೂಟರ್ ಮೂಲಕ ದೂರದ ಮೇಲ್ವಿಚಾರಣೆಯಲ್ಲಿ ಬರೆಯುವುದು ಎಂಬ ಮೂರು ವಿಧಾನಗಳು ಬಳಕೆಗೆ ಬಂದಿವೆ. ಮೂರನೆಯದು ಕೋವಿಡ್ ಕಾಲದ ಕೊಡುಗೆ. ಪ್ರಶ್ನೆಗಳ ಮಟ್ಟವಾಗಲಿ ಮೌಲ್ಯಮಾಪನದ ಮಾನದಂಡವಾಗಲಿ ವಿಧಾನದಿಂದ ವಿಧಾನಕ್ಕೆ ಬದಲಾಗುವುದಿಲ್ಲ. ಕಾಗದದ ಪರೀಕ್ಷೆ ವರ್ಷದ ನಿಗದಿತ ದಿನಗಳಲ್ಲಿ ಮಾತ್ರ ನಡೆಯುತ್ತದೆ; ಕಂಪ್ಯೂಟರ್ ಪರೀಕ್ಷೆಗೆ ದಿನಾಂಕಗಳ ಆಯ್ಕೆ ಹೆಚ್ಚು, ಫಲಿತಾಂಶವೂ ಬೇಗ. ಟೈಪಿಂಗ್ ಅಭ್ಯಾಸವಿಲ್ಲದವರು ಮಾತ್ರ ಈ ಅನುಕೂಲಗಳಿಗಷ್ಟೇ ಮಾರುಹೋಗಬಾರದು. ಬರವಣಿಗೆಗೆ ದೊರೆಯುವ 45 ನಿಮಿಷಗಳಲ್ಲಿ ಮೊದಲ ಐದು ನಿಮಿಷ ಟಿಪ್ಪಣಿ ಓದಲು ಮೀಸಲು; ಉಳಿದ ನಲವತ್ತರಲ್ಲಿ 180ರಿಂದ 200 ಪದಗಳ ಪತ್ರವನ್ನು ಪೂರೈಸಬೇಕು.

ಮನೆಯಿಂದ ಬರೆದ ಪರೀಕ್ಷೆಯನ್ನು ಎಲ್ಲ ನಿಯಂತ್ರಣ ಸಂಸ್ಥೆಗಳೂ ಒಪ್ಪುವುದಿಲ್ಲ, ಮತ್ತು ಒಪ್ಪುವವರ ಪಟ್ಟಿ ಕಾಲದಿಂದ ಕಾಲಕ್ಕೆ ಬದಲಾಗುತ್ತದೆ. ಈ ವಿಧಾನವನ್ನು ಆರಿಸುವ ಮುನ್ನ ಅರ್ಜಿ ಹಾಕಲಿರುವ ಸಂಸ್ಥೆಯ ಜಾಲತಾಣದಲ್ಲಿ ಅದನ್ನು ಖಚಿತಪಡಿಸಿಕೊಳ್ಳುವುದು ಅಗತ್ಯ. ತಾಂತ್ರಿಕ ಸಿದ್ಧತೆಯೂ ಬೇಕು: ಕ್ಯಾಮೆರಾ ಮತ್ತು ಮೈಕ್ ಇರುವ ಕಂಪ್ಯೂಟರ್, ಸ್ಥಿರವಾದ ಅಂತರಜಾಲ, ಬೇರೆ ಯಾರೂ ಬಾರದ ಕೋಣೆ. ವಿದ್ಯುತ್ ಆಗಾಗ ಕೈಕೊಡುವ ಊರುಗಳಲ್ಲಿ, ಇತರರೊಡನೆ ಹಂಚಿಕೊಂಡ ಹಾಸ್ಟೆಲ್ ಕೋಣೆಗಳಲ್ಲಿ ಇರುವವರಿಗೆ ಬೆಂಗಳೂರಿನ ಕೇಂದ್ರಕ್ಕೆ ಹೋಗಿ ಬರೆಯುವುದೇ ನೆಮ್ಮದಿ.

ಬುಕಿಂಗ್ ಪ್ರಕ್ರಿಯೆ

ಬುಕಿಂಗ್ ಓಇಟಿಯ ಅಧಿಕೃತ ಜಾಲತಾಣದ ಮೂಲಕ ನಡೆಯುತ್ತದೆ. ಅಭ್ಯರ್ಥಿಯು ತನ್ನ ಇಮೇಲ್ ವಿಳಾಸದಿಂದ ಖಾತೆ ತೆರೆದು, ವೈಯಕ್ತಿಕ ವಿವರ, ವೃತ್ತಿ ಮತ್ತು ಗುರುತಿನ ದಾಖಲೆಯ ವಿವರಗಳನ್ನು ನಮೂದಿಸಬೇಕು. ಪಾಸ್‌ಪೋರ್ಟ್ ಮಾದರಿಯ ಭಾವಚಿತ್ರವನ್ನು ಸೇರಿಸಬೇಕು. ಬಳಿಕ ಪರೀಕ್ಷೆಯ ವಿಧಾನ, ದಿನಾಂಕ ಮತ್ತು ಕೇಂದ್ರವನ್ನು ಆರಿಸಿ ಶುಲ್ಕ ಪಾವತಿಸಬೇಕು. ಶುಲ್ಕ ಸಂದಾಯವಾಗುವವರೆಗೆ ಸ್ಥಳ ಖಚಿತವಾಗುವುದಿಲ್ಲ. ಹಲವು ವರ್ಷಗಳ ಕಾಲ ಶುಲ್ಕವು 587 ಆಸ್ಟ್ರೇಲಿಯನ್ ಡಾಲರ್ ಆಗಿತ್ತು. ಖಾಸಗಿ ಆಸ್ಪತ್ರೆಯಲ್ಲಿ ಕೆಲಸ ಮಾಡುವ ಹೊಸ ನರ್ಸ್‌ಗೆ ಇದು ಒಂದು ತಿಂಗಳ ಸಂಬಳವನ್ನೂ ಮೀರಬಹುದಾದ ಮೊತ್ತ. ಬ್ರಿಟನ್ನಿನ ಕೆಲವು ಆಸ್ಪತ್ರೆಗಳು ನೇಮಕವಾದ ಬಳಿಕ ಈ ವೆಚ್ಚವನ್ನು ಮರಳಿಸುತ್ತವೆ; ಹಾಗಾಗಿ ಪಾವತಿಯ ರಸೀದಿಯನ್ನು ಉಳಿಸಿಕೊಳ್ಳುವುದು ಒಳಿತು.

ಭಾರತದಲ್ಲಿ ಬೆಂಗಳೂರು, ಕೊಚ್ಚಿ, ಚೆನ್ನೈ, ಹೈದರಾಬಾದ್, ದೆಹಲಿ ಮೊದಲಾದ ನಗರಗಳಲ್ಲಿ ಪರೀಕ್ಷೆ ನಡೆದಿದೆ. ಯಾವ ದಿನಾಂಕಕ್ಕೆ ಯಾವ ನಗರದಲ್ಲಿ ಸ್ಥಳವಿದೆ ಎಂಬುದು ಬುಕಿಂಗ್ ಪುಟದಲ್ಲಿಯೇ ತಿಳಿಯುತ್ತದೆ. ದಕ್ಷಿಣ ಭಾರತದಿಂದ, ವಿಶೇಷವಾಗಿ ಕೇರಳದಿಂದ, ನರ್ಸ್‌ಗಳ ಸಂಖ್ಯೆ ಹೆಚ್ಚಿರುವುದರಿಂದ ಇಲ್ಲಿನ ಕೇಂದ್ರಗಳು ಬೇಗ ಭರ್ತಿಯಾಗಬಹುದು. ಕೊನೆಯ ದಿನದವರೆಗೆ ಕಾದವರು ದೂರದ ನಗರಕ್ಕೆ ಹೋಗಿ ಒಂದು ರಾತ್ರಿ ಉಳಿಯುವ ಖರ್ಚನ್ನೂ ಹೊರಬೇಕಾಗುತ್ತದೆ. ಮಾತಿನ ವಿಭಾಗದ ಸಮಯವನ್ನು ಉಳಿದ ಮೂರು ವಿಭಾಗಗಳಿಂದ ಪ್ರತ್ಯೇಕವಾಗಿ ತಿಳಿಸಲಾಗುತ್ತದೆ. ಕೆಲವೊಮ್ಮೆ ಅದು ಬೇರೆ ದಿನವೂ ಆಗಿರಬಹುದು. ಆಸ್ಪತ್ರೆಯಲ್ಲಿ ಪಾಳಿಯ ಮೇಲೆ ದುಡಿಯುವವರು ಆ ಸೂಚನೆ ಬರುವ ತನಕ ರಜೆಯನ್ನು ಒಂದೇ ದಿನಕ್ಕೆ ಸೀಮಿತಗೊಳಿಸದಿರುವುದು ಮೇಲು. ಹಿಂದಿನ ರಾತ್ರಿ ಪಾಳಿ ಮುಗಿಸಿ ನೇರವಾಗಿ ಪರೀಕ್ಷೆಗೆ ಹೋಗುವುದಂತೂ ಸಲ್ಲದು.

ಅಂಗವೈಕಲ್ಯ ಅಥವಾ ಆರೋಗ್ಯದ ಕಾರಣಕ್ಕೆ ವಿಶೇಷ ವ್ಯವಸ್ಥೆ ಬೇಕಾದವರು ಬುಕಿಂಗ್ ಸಮಯದಲ್ಲಿಯೇ ವೈದ್ಯಕೀಯ ದಾಖಲೆಯೊಡನೆ ಕೋರಿಕೆ ಸಲ್ಲಿಸಬೇಕು.

ಹೆಸರು ಮತ್ತು ಗುರುತಿನ ದಾಖಲೆ

ಕರ್ನಾಟಕದ ಅಭ್ಯರ್ಥಿಗಳಿಗೆ ಬುಕಿಂಗ್‌ನಲ್ಲಿ ಹೆಚ್ಚು ಗೊಂದಲ ತರುವ ಅಂಶ ಹೆಸರು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಹೆಸರಿನ ಮುಂದೆ ಊರು ಮತ್ತು ತಂದೆಯ ಹೆಸರಿನ ಮೊದಲಕ್ಷರಗಳಿರುತ್ತವೆ. ಪದವಿ ಪ್ರಮಾಣಪತ್ರದಲ್ಲಿ ಅದೇ ಅಕ್ಷರಗಳು ಹೆಸರಿನ ಹಿಂದೆ ಸರಿದಿರುತ್ತವೆ. ಪಾಸ್‌ಪೋರ್ಟ್‌ನಲ್ಲಿ ಅವು ಬಿಡಿಸಿ ಬರೆದ ಪೂರ್ಣ ಹೆಸರುಗಳಾಗಿರುತ್ತವೆ, ಅಥವಾ ಉಪನಾಮದ ಜಾಗ ಖಾಲಿಯೇ ಇರುತ್ತದೆ. ಮದುವೆಯ ನಂತರ ಪಾಸ್‌ಪೋರ್ಟ್ ಮಾಡಿಸಿದವರಲ್ಲಿ ಗಂಡನ ಹೆಸರು ಸೇರಿ ನಾಲ್ಕನೆಯ ರೂಪವೊಂದು ಹುಟ್ಟುತ್ತದೆ. ಪರೀಕ್ಷೆಯ ಬುಕಿಂಗ್‌ನಲ್ಲಿ ಹೆಸರು, ಜನ್ಮದಿನಾಂಕ ಮತ್ತು ದಾಖಲೆಯ ಸಂಖ್ಯೆ ಪರೀಕ್ಷೆಯ ದಿನ ತರುವ ಪಾಸ್‌ಪೋರ್ಟ್‌ನಲ್ಲಿರುವಂತೆಯೇ ಇರಬೇಕು. ವ್ಯತ್ಯಾಸವಿದ್ದರೆ ಪ್ರವೇಶ ನಿರಾಕರಣೆಯಾಗಬಹುದು.

ಪಾಸ್‌ಪೋರ್ಟ್‌ಗೂ ಪದವಿ ಪ್ರಮಾಣಪತ್ರಕ್ಕೂ ನಡುವಿನ ವ್ಯತ್ಯಾಸ ಪರೀಕ್ಷೆಯ ದಿನ ಅಡ್ಡಿಯಾಗುವುದಿಲ್ಲ. ಅದು ತಲೆಯೆತ್ತುವುದು ನಂತರ, ನಿಯಂತ್ರಣ ಸಂಸ್ಥೆಯು ಭಾಷಾ ಫಲಿತಾಂಶವನ್ನೂ ಪದವಿಯನ್ನೂ ಅಕ್ಕಪಕ್ಕ ಇಟ್ಟು ನೋಡುವಾಗ. ಹೆಸರಿನ ತಿದ್ದುಪಡಿಗೆ ಬೇಕಾದ ಅಫಿಡವಿಟ್ ಇತ್ಯಾದಿಗಳಿಗೆ ತಿಂಗಳುಗಳು ಹಿಡಿಯುತ್ತವೆ, ಆ ಅವಧಿಯಲ್ಲಿ ಎರಡು ವರ್ಷದ ಗಡುವು ಕರಗುತ್ತಿರುತ್ತದೆ. ಪಾಸ್‌ಪೋರ್ಟ್ ಬದಲಿಸಬೇಕಾಗಿರುವವರು, ಅವಧಿ ಮುಗಿಯಲಿರುವವರು ಆ ಕೆಲಸವನ್ನು ಮೊದಲು ಮುಗಿಸಿ ನಂತರ ಬುಕ್ ಮಾಡುವುದು ಲೇಸು. ನೆರಳಚ್ಚು ಪ್ರತಿ ಸಾಲದು. ಮೂಲ ದಾಖಲೆಯೇ ಬೇಕು.

ಮಧ್ಯವರ್ತಿಗಳು

ತರಬೇತಿ ಕೇಂದ್ರಗಳು ಮತ್ತು ನೇಮಕಾತಿ ಏಜೆಂಟರು ಅಭ್ಯರ್ಥಿಗಳ ಪರವಾಗಿ ಬುಕಿಂಗ್ ಮಾಡಿಕೊಡುವುದುಂಟು. ಇದು ಸ್ವತಃ ಅಪರಾಧವಲ್ಲ. ತೊಂದರೆ ಶುರುವಾಗುವುದು ಖಾತೆಯನ್ನು ಏಜೆಂಟರ ಇಮೇಲ್ ವಿಳಾಸದಲ್ಲಿ ತೆರೆದಾಗ. ಸಮಯಪಟ್ಟಿ, ಬದಲಾವಣೆಯ ಸೂಚನೆ, ಕೊನೆಗೆ ಫಲಿತಾಂಶ ಎಲ್ಲವೂ ಆ ಖಾತೆಗೇ ಬರುತ್ತವೆ. ಏಜೆಂಟರೊಡನೆ ವೈಮನಸ್ಯ ಬಂದರೆ ತನ್ನದೇ ಅಂಕಪಟ್ಟಿಗಾಗಿ ಅಭ್ಯರ್ಥಿ ಅವರ ಬಾಗಿಲು ತಟ್ಟಬೇಕಾಗುತ್ತದೆ. ಖಾತೆ ಮತ್ತು ಗುಪ್ತಪದ ಅಭ್ಯರ್ಥಿಯ ಕೈಯಲ್ಲಿಯೇ ಇರಬೇಕು. ಪರೀಕ್ಷೆ ಬರೆಯದೆ ಪ್ರಮಾಣಪತ್ರ ಕೊಡಿಸುವುದಾಗಿ ಸಾಮಾಜಿಕ ಜಾಲತಾಣಗಳಲ್ಲಿ ಬರುವ ಜಾಹೀರಾತುಗಳು ವಂಚನೆಯಲ್ಲದೆ ಬೇರೇನಲ್ಲ. ನಿಯಂತ್ರಣ ಸಂಸ್ಥೆಗಳು ಫಲಿತಾಂಶವನ್ನು ಓಇಟಿಯ ಪರಿಶೀಲನಾ ವ್ಯವಸ್ಥೆಯ ಮೂಲಕ ನೇರವಾಗಿ ತಾಳೆ ನೋಡುತ್ತವೆ. ಸಿಕ್ಕಿಬಿದ್ದವರಿಗೆ ವೃತ್ತಿ ನೋಂದಣಿಯ ಬಾಗಿಲೇ ಮುಚ್ಚಬಹುದು.

ಬದಲಾವಣೆ, ರದ್ದತಿ ಮತ್ತು ಗೈರುಹಾಜರಿ

ಬುಕ್ ಮಾಡಿದ ದಿನಾಂಕವನ್ನು ಮುಂದೂಡಲು ಅಥವಾ ರದ್ದುಪಡಿಸಲು ಅವಕಾಶವಿದೆ. ಆದರೆ ಪರೀಕ್ಷೆಯ ದಿನ ಹತ್ತಿರವಾದಂತೆ ಕಳೆದುಕೊಳ್ಳುವ ಹಣ ಹೆಚ್ಚುತ್ತದೆ, ಒಂದು ಹಂತದ ನಂತರ ಮರುಪಾವತಿಯೇ ಇರುವುದಿಲ್ಲ. ಬುಕಿಂಗ್ ವೇಳೆ ಒಪ್ಪಿಕೊಳ್ಳುವ ಷರತ್ತುಗಳಲ್ಲಿ ಈ ಗಡುವುಗಳು ನಮೂದಾಗಿರುತ್ತವೆ. ಓದದೆ ಒಪ್ಪಿಗೆಯ ಗುರುತು ಹಾಕುವುದು ರೂಢಿಯಾದರೂ ಇಲ್ಲಿ ಅದರ ಬೆಲೆ ಹೆಚ್ಚು. ಅನಾರೋಗ್ಯ, ಕುಟುಂಬದಲ್ಲಿ ಮರಣ ಮೊದಲಾದ ಕಾರಣಗಳಿಂದ ಪರೀಕ್ಷೆಗೆ ಹಾಜರಾಗಲಾಗದವರು ವಿಶೇಷ ಪರಿಗಣನೆಗೆ ಕೋರಬಹುದು. ಆ ಕೋರಿಕೆಯು ವೈದ್ಯರ ಪ್ರಮಾಣಪತ್ರದಂತಹ ಆಧಾರದೊಡನೆ ಪರೀಕ್ಷೆಯಾದ ಕೆಲವೇ ದಿನಗಳೊಳಗೆ ತಲುಪಬೇಕು. ಪಾಳಿ ಬದಲಾಯಿತು, ರಜೆ ಸಿಗಲಿಲ್ಲ ಎಂಬಂತಹ ಕಾರಣಗಳು ಈ ಸಾಲಿಗೆ ಸೇರಲಾರವು.

ಫಲಿತಾಂಶದ ಬಳಕೆ

ಫಲಿತಾಂಶ ಅಭ್ಯರ್ಥಿಯ ಖಾತೆಯಲ್ಲಿ ಪ್ರಕಟವಾಗುತ್ತದೆ. ಇಸಿಎಫ್‌ಎಂಜಿಗೆ ಅದು ಓಇಟಿಯಿಂದಲೇ ನೇರವಾಗಿ ತಲುಪಬೇಕಾಗಿದ್ದು, ಇದಕ್ಕೆ ಅಭ್ಯರ್ಥಿಯ ಅನುಮತಿ ಬೇಕು. ಅಂಕ ನಿರೀಕ್ಷೆಗಿಂತ ಕಡಿಮೆ ಬಂದವರು ಪ್ರತ್ಯೇಕ ಶುಲ್ಕ ಕಟ್ಟಿ ಮರುಮೌಲ್ಯಮಾಪನ ಕೋರಬಹುದು. 340 ಅಂಕ ಬಂದು ಹತ್ತು ಅಂಕಗಳಿಂದ ಬಿ ಶ್ರೇಣಿ ತಪ್ಪಿದವರಿಗೆ ಇದು ಆಕರ್ಷಕವಾಗಿ ಕಾಣುತ್ತದಾದರೂ, ಉತ್ತರಕ್ಕಾಗಿ ಕಾಯುವ ವಾರಗಳಲ್ಲಿ ಮುಂದಿನ ಪರೀಕ್ಷೆಯ ಬುಕಿಂಗ್ ಮುಚ್ಚಿಹೋಗಬಹುದು ಎಂಬುದನ್ನೂ ತೂಗಿ ನೋಡಬೇಕು.

ಬ್ರಿಟನ್ನಿಗೆ ಹೋಗುವ ವೈದ್ಯರು, ದಂತವೈದ್ಯರು, ನರ್ಸ್‌ಗಳು, ಮಿಡ್‌ವೈಫ್‌ಗಳು ಮತ್ತು ಪಶುವೈದ್ಯರು ತಮ್ಮ ನಿಯಂತ್ರಣ ಸಂಸ್ಥೆ ಒಪ್ಪಿದ ಭಾಷಾ ಪರೀಕ್ಷೆಯಲ್ಲಿ ತೇರ್ಗಡೆಯಾಗಿದ್ದರೆ, ಆರೋಗ್ಯ ಕ್ಷೇತ್ರದ ಕೆಲಸದ ವೀಸಾಕ್ಕಾಗಿ ಪ್ರತ್ಯೇಕ ಇಂಗ್ಲಿಷ್ ಪರೀಕ್ಷೆ ಬರೆಯಬೇಕಾಗಿಲ್ಲ. ಫಿಸಿಯೋಥೆರಪಿ, ರೇಡಿಯೋಗ್ರಫಿ ಮುಂತಾದ ವೃತ್ತಿಗಳು ಈ ವಿನಾಯಿತಿಯ ಪಟ್ಟಿಯಲ್ಲಿ ಇಲ್ಲದಿರುವುದರಿಂದ, ಆ ವೃತ್ತಿಯವರು ವೀಸಾದ ಭಾಷಾ ನಿಯಮವನ್ನು ಬೇರೆಯಾಗಿಯೇ ಪರಿಶೀಲಿಸಿ, ಬೇಕಾದಲ್ಲಿ ಎರಡನೆಯ ಪರೀಕ್ಷೆಗೂ ದಿನ ಗೊತ್ತುಮಾಡಿಕೊಳ್ಳಬೇಕಾಗುತ್ತದೆ.